ಸಾಹೇಬ್ರಿಗೆ ಮೂಡು, ಜವಾನಗೆ ತಿಕ್ಕಲು

ಹವಾಮಾನ ಇಲಾಖೆಗಿಂತ ಖಚಿತವಾಗಿ ಮುನ್ಸೂಚನೆ ಕೊಡುವವರು ದಾವಣಗೆರೆಯಲ್ಲಿ ಇದ್ದಾರೆ. ಕಚೇರಿಗಳಲ್ಲಿ ಸಾಹೇಬರ ಕೋಣೆಯ ಹೊರಗೆ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕೂತಿರುತ್ತಾರೆ. ಸರ್ಕಾರದ ಕಾಗದದಲ್ಲಿ ‘ಗ್ರೂಪ್ ಡಿ’, ಜನರ ಬಾಯಲ್ಲಿ ಜವಾನ. ಅವರ ಬಳಿ ಉಪಗ್ರಹವಿಲ್ಲ, ರೇಡಾರ್ ಇಲ್ಲ. ಸಾಹೇಬರು ಜೀಪಿನ ಬಾಗಿಲು ಹಾಕಿದ ಸದ್ದು, ಬೆಲ್ ಒತ್ತಿದ ಉದ್ದ, ವಾಪಸು ಬಂದ ಲೋಟದಲ್ಲಿ ಉಳಿದ ಚಹಾ, ಇಷ್ಟು ಸಾಕು. ಬೆಲ್ ಚುಟುಕಾಗಿ ಒಮ್ಮೆ ಬಡಿದರೆ ಆಕಾಶ ತಿಳಿ. ಎಳೆದು ಬಡಿದರೆ ಗುಡುಗು. ಚಹಾ ಅರ್ಧಕ್ಕೇ ಬಿಟ್ಟರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ.

ಜಗಳೂರಿನ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಪಹಣಿ ತಿದ್ದುಪಡಿಗೆ ಬಂದ ರೈತ ಬಾಗಿಲ ಬಳಿ ನಿಂತು ಕಣ್ಣಲ್ಲೇ ಕೇಳುತ್ತಾನೆ. ಜವಾನ ತಲೆ ಅಡ್ಡಡ್ಡ ಆಡಿಸುತ್ತಾನೆ.

“ಇವತ್ತು ಬ್ಯಾಡ್ರಿ ಗೌಡ್ರೆ. ಸಾಹೇಬ್ರು ಮೂಡ್‌ನಾಗಿಲ್ಲ. ಗುರುವಾರ ಬರ್ರಿ.”

ರೈತ ಸಾವಿನ ಸುದ್ದಿ ಕೇಳಿದವನ ಗಾಂಭೀರ್ಯದಲ್ಲಿ “ಹೌದೇನ್ರಿ, ಪಾಪ” ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಾನೆ. ಅವನು ಜಗಳ ತೆಗೆಯುವುದಿಲ್ಲ. ಮಳೆ ಬರಲಿಲ್ಲ ಅಂತ ಮೋಡದ ಮೇಲೆ ಕೇಸು ಹಾಕಿದವರುಂಟೇ?

ಕರ್ನಾಟಕದಲ್ಲಿ ಸಕಾಲ ಸೇವೆಗಳ ಕಾಯ್ದೆ ಅಂತ ಒಂದಿದೆ, 2011ರದು. ಯಾವ ಕೆಲಸವನ್ನು ಎಷ್ಟು ದಿನದೊಳಗೆ ಮಾಡಿಕೊಡಬೇಕು ಎಂದು ಅದು ಪಟ್ಟಿ ಹಾಕಿದೆ. ತಡವಾದರೆ ದಿನಕ್ಕೆ 20 ರೂಪಾಯಿಯ ಲೆಕ್ಕದಲ್ಲಿ, ಗರಿಷ್ಠ 500 ರೂಪಾಯಿವರೆಗೆ, ಅರ್ಜಿದಾರ ಪರಿಹಾರ ಕೇಳಬಹುದು. ಗುಣಾಕಾರ ಬರುವವರು ಮಾಡಿ ನೋಡಿ: ಸಾಹೇಬರ ಮೂಡಿಗೆ ಸರ್ಕಾರ ಕಟ್ಟಿದ ಬೆಲೆ ದಿನಕ್ಕೆ 20 ರೂಪಾಯಿ, ಅದೂ 25 ದಿನಕ್ಕೆ ಮುಗಿಯಿತು. ಇಪ್ಪತ್ತಾರನೆಯ ದಿನದಿಂದ ಮೂಡು ಪೂರ್ತಿ ಉಚಿತ. ಗ್ಯಾರಂಟಿ ಯೋಜನೆಗಳ ಬಗ್ಗೆ ಇಷ್ಟು ಗದ್ದಲ ಎಬ್ಬಿಸಿದ ಮಹನೀಯರು ಈ ಒಂದು ಉಚಿತ ಭಾಗ್ಯದ ಬಗ್ಗೆ ತುಟಿ ಬಿಚ್ಚಿಲ್ಲ.

ಈಗ ಅದೇ ಜವಾನನ ಕಡೆ ತಿರುಗಿ. ಒಂದು ಸೋಮವಾರ ಮನೆಯಲ್ಲಿ ಮಗುವಿಗೆ ಜ್ವರ, ಕೈಯಲ್ಲಿ ಕಾಸಿಲ್ಲ. ಬಂದವನು ಎಂದಿನ ಹಾಗೆ ನಗಲಿಲ್ಲ, ಫೈಲು ಕೇಳಿದ ಗುಮಾಸ್ತರಿಗೆ “ಅಲ್ಲೇ ಐತ್ ನೋಡ್ರಿ” ಎಂದ, ಅಷ್ಟೇ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಚೇರಿಯ ತೀರ್ಪು ಬಂತು: “ಇವಗೆ ಇವತ್ತು ತಿಕ್ಕಲು ಹಿಡಿದೈತಿ.”

ಒಂದೇ ಬಾಗಿಲು, ಒಳಗೊಬ್ಬರು, ಹೊರಗೊಬ್ಬರು. ಇಬ್ಬರ ಮನಸ್ಸೂ ಆವತ್ತು ಕೆಟ್ಟಿತ್ತು. ಒಳಗಿನವರಿಗೆ ಆದದ್ದು ಮೂಡು, ಹೊರಗಿನವನಿಗೆ ಹಿಡಿದದ್ದು ತಿಕ್ಕಲು. ಬಾಗಿಲ ದಪ್ಪ ಎಷ್ಟಿತ್ತು ಅಂತ ಲೋಕೋಪಯೋಗಿ ಇಲಾಖೆಯವರನ್ನು ಕೇಳಬೇಕು.

ನಮ್ಮ ಭಾಷೆಗೆ ಈ ವಿಷಯದಲ್ಲಿ ಬಡತನವೇ ಇಲ್ಲ. ಚಂಚಲ, ಚಪಲ, ತಿಕ್ಕಲು, ಎಡಬಿಡಂಗಿ, ಗೋಸುಂಬೆ, ಗಳಿಗೆಗೊಂದು ಬುದ್ಧಿ, ಮಂಗನ ಮನಸ್ಸು, ಉಲ್ಟಾ ಹೊಡೆಯೋದು, ಪಲ್ಟಿ ಹಾಕೋದು. ಮೇಲಿನ ಖಾನೆಗೆ ಬೇರೆಯೇ ದಾಸ್ತಾನು: ಮೂಡಿ, ಭಾವುಕ, ಸೂಕ್ಷ್ಮ ಸ್ವಭಾವ, ಮುತ್ಸದ್ದಿತನ, ಮರುಚಿಂತನೆ. ನಿಘಂಟು ಬರೆದ ಪಂಡಿತರು ಅರ್ಥ ಹೇಳಿದರು, ವ್ಯುತ್ಪತ್ತಿ ಹೇಳಿದರು. ಯಾವ ಪದವನ್ನು ಎಷ್ಟು ಸಂಬಳದ ಮೇಲಿನವರಿಗೆ ಬಳಸಬೇಕು ಎಂಬ ಮುಖ್ಯ ವಿಚಾರವನ್ನು ಮಾತ್ರ ಬಿಟ್ಟುಬಿಟ್ಟರು. ಅದನ್ನು ಜನ ತಾವೇ ಕಲಿತರು, ಮಗು ಮಾತು ಕಲಿಯುವಾಗಲೇ ಕಲಿತರು. ಯಜಮಾನರು ತಟ್ಟೆ ತಳ್ಳಿ ಎದ್ದು ಹೋದರೆ “ಅಪ್ಪಾಜಿಗೆ ಏನೋ ಟೆನ್ಷನ್ನು”. ಸೊಸೆ ತಟ್ಟೆ ಸ್ವಲ್ಪ ಸದ್ದು ಮಾಡಿ ಇಟ್ಟರೆ “ಇವಳದು ಹೊತ್ತಿಗೊಂದು ಥರ”. ಅತ್ತೆಯದು ಬಿಡಿ, ಅವರದು ಬಿಪಿ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಇದು ಇನ್ನೂ ಸೊಗಸು. ಗಂಡಿನ ಕಡೆಯವರು ಉಪ್ಪಿಟ್ಟು-ಕೇಸರಿಬಾತು ತಿಂದು, ಒಪ್ಪಿಗೆ ಹೇಳಿ, ಮಾತುಕತೆಗೆ ಕೂತು, ಆಮೇಲೆ ವಿದ್ಯಾನಗರದಲ್ಲಿ ಸೈಟು ಕೊಡುವ ಇನ್ನೊಂದು ಮನೆ ಸಿಕ್ಕಿದ ಮೇಲೆ “ಜಾತಕ ಕೂಡಿಬರಲಿಲ್ರೀ, ದೈವೇಚ್ಛೆ” ಎಂದು ಫೋನು ಮಾಡುತ್ತಾರೆ. ಗ್ರಹಗಳು ಮನಸ್ಸು ಬದಲಿಸಿದವು, ಗಂಡಿನ ಕಡೆಯವರು ಪಾಪ ಏನು ಮಾಡಿಯಾರು? ಅದೇ ಹುಡುಗಿ ಎರಡು ದಿನ ಯೋಚಿಸಿ “ನನಗೆ ಬೇಡಪ್ಪ” ಅಂದಳೋ, ಚೌಕಿಪೇಟೆಯಿಂದ ಹಿಡಿದು ಹರಿಹರದ ದೂರದ ಚಿಕ್ಕಮ್ಮನ ಮನೆತನಕ ಸುದ್ದಿ: “ಹುಡುಗಿ ಭಾಳ ಚಂಚಲ ಅಂತೆ.”

ಹೆಣ್ಣಿನ ಮೇಲೆ ಈ ಪದ ಹೊರಿಸುವುದನ್ನು ನಾವು ದೇವರಿಂದಲೇ ಶುರು ಮಾಡಿದವರು. ಲಕ್ಷ್ಮಿ ಚಂಚಲೆ! ಮಂಡಿಪೇಟೆಯ ಯಾವ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಮೇಲೆ ಲಕ್ಷ್ಮಿಯ ಪಟ. ಅದರಲ್ಲೂ ಕೂತ ಲಕ್ಷ್ಮಿಯೇ ಆಗಬೇಕು. ನಿಂತ ಲಕ್ಷ್ಮಿ ಯಾವ ಗಳಿಗೆಯಲ್ಲಾದರೂ ಹೊರಟುಬಿಡುತ್ತಾಳಂತೆ. ಈ ನಂಬಿಕೆಯಲ್ಲಿ ವ್ಯಾಪಾರಸ್ಥರ ಜಾಣತನವನ್ನು ಮೆಚ್ಚಬೇಕು. ಹೋದ ವರ್ಷ ಮೆಕ್ಕೆಜೋಳಕ್ಕೆ ದರ ಏರುತ್ತದೆ ಅಂತ ಗೋದಾಮು ತುಂಬಿಸಿದ್ದು ಸಾವ್ಕಾರ್ರು. ದರ ಬಿದ್ದಾಗ ಗಾಬರಿಬಿದ್ದು ಮಾರಿದ್ದೂ ಅವರೇ. ಉಳಿದ ದುಡ್ಡನ್ನು ಇನ್ನೂ ರಸ್ತೆಯೇ ಇಲ್ಲದ ಬಡಾವಣೆಯ ಸೈಟಿಗೆ ಸುರಿದದ್ದೂ ಅವರೇ. ಆ ಸೈಟಿನ ವ್ಯವಹಾರ ಕೋರ್ಟಿಗೆ ಹೋದ ದಿನ ನಿಟ್ಟುಸಿರು ಬಿಟ್ಟು ಹೇಳುವುದು: “ಏನ್ ಮಾಡದ್ರೀ, ಲಕ್ಷ್ಮಿ ಚಂಚಲೆ.” ಇಷ್ಟೆಲ್ಲ ನಡೆಯುವಾಗ ಆಕೆ ಗಲ್ಲಾಪೆಟ್ಟಿಗೆಯ ಮೇಲೆ, ಹಾಕಿದ ಹೂವು ಒಣಗಿದ್ದರೂ, ಪಟದಿಂದ ಒಂದಿಂಚು ಕದಲಿರಲಿಲ್ಲ.

ಇದು ಮನೆ, ಅಂಗಡಿಯ ಮಾತಾಯಿತು. ಮನಸ್ಸು ಬದಲಿಸುವ ಕಲೆ ಅದರ ಪೂರ್ಣ ವೈಭವದಲ್ಲಿ ಕಾಣಬೇಕಾದರೆ ಸರ್ಕಾರದ ಬಾಗಿಲಿಗೇ ಬರಬೇಕು.

2023ರ ಮುಂಗಾರು ಕೈಕೊಟ್ಟಿದ್ದು ನೆನಪಿದೆಯಲ್ಲ? ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಆ ವರ್ಷ ಅದು ಅಷ್ಟು ಏರಲಿಲ್ಲ. ಆದರೂ ಮೊದಲು ಆದದ್ದು ಉದಾರ ನಿರ್ಧಾರ: ಬಲದಂಡೆ ನಾಲೆಗೆ ಸತತ ನೂರು ದಿನ ನೀರು. ರೈತ ಆ ಮಾತು ನಂಬಿದ. ನಂಬದೆ ಏನು ಮಾಡಿಯಾನು, ಹೇಳಿದವರೆಲ್ಲ ಕುರ್ಚಿಯ ಮೇಲೆ ಕೂತವರು. ಸಾಲ ಮಾಡಿ ಗದ್ದೆ ಕೆಸರು ಮಾಡಿ ನಾಟಿ ಹಾಕಿದ. ಪೈರು ಬೇರು ಹಿಡಿಯುವ ಹೊತ್ತಿಗೆ ಮೇಲಿನವರಿಗೆ ಲೆಕ್ಕ ಹೊಳೆಯಿತು, ನೀರು ಸಾಲದು. ಹೊಸ ಆದೇಶ ಬಂತು. ಅದರ ಹೆಸರು ‘ಆನ್ ಅಂಡ್ ಆಫ್ ಪದ್ಧತಿ’. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು.

ಆ ಹೆಸರಿಟ್ಟ ಪುಣ್ಯಾತ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕಿತ್ತು. ಕೊಟ್ಟ ಮಾತು ತಪ್ಪುವುದಕ್ಕೆ ‘ಪದ್ಧತಿ’ ಅಂತ ಹೆಸರಿಡುವುದು ಸಾಮಾನ್ಯ ಪ್ರತಿಭೆಗೆ ಆಗುವ ಕೆಲಸವಲ್ಲ. ನಮ್ಮ ಓಣಿಯಲ್ಲಿ ಸಾಲ ತೆಗೆದುಕೊಂಡವನೊಬ್ಬ ಒಂದು ತಿಂಗಳು ಬಡ್ಡಿ ಕೊಟ್ಟು ಎರಡು ತಿಂಗಳು ಫೋನು ಸ್ವಿಚ್ ಆಫ್ ಮಾಡಿಕೊಂಡರೆ ಅವನಿಗೆ ಏನೆನ್ನುತ್ತಾರೆ ಅಂತ ಇಲ್ಲಿ ಬರೆದರೆ ಸಂಪಾದಕರು ಹೊಡೆದು ಹಾಕುತ್ತಾರೆ. ಅವನೂ ಇನ್ನು ಮೇಲೆ “ನಂದು ಆನ್ ಅಂಡ್ ಆಫ್ ಪದ್ಧತಿ ಅಣ್ಣ” ಅಂತ ಹೇಳಿಕೊಳ್ಳಬಹುದು.

ನಾಲೆಯ ತಲೆಯ ಕಡೆ ಇದ್ದವರಿಗೆ ‘ಆನ್’ ಅಂದರೆ ನೀರು. ಮಲೇಬೆನ್ನೂರು, ಹರಿಹರದ ಕಡೆ ಕೊನೆ ಭಾಗದ ರೈತರಿಗೆ ‘ಆನ್’ ಅಂದರೆ ನೀರು ಹೊರಟಿದೆ ಎಂಬ ಸುದ್ದಿ. ಅದು ಗದ್ದೆ ಮುಟ್ಟುವಷ್ಟರಲ್ಲಿ ಮೇಲೆ ‘ಆಫ್’ ಆಗಿರುತ್ತದೆ. ರೈತರು ಬೀದಿಗಿಳಿದರು, ದಾವಣಗೆರೆ ಬಂದ್ ಆಯಿತು. ಆಗ ಪೇಟೆಯ ಕೆಲವು ಜಾಣರು ಹೇಳಿದ ಮಾತು ಕಿವಿಯಲ್ಲಿ ಇನ್ನೂ ಇದೆ: “ಈ ರೈತರದು ಯಾವಾಗ್ಲೂ ಹಿಂಗೇ ಕಣ್ರೀ. ಮಳೆ ಬಂದ್ರೂ ಅಳ್ತಾರೆ, ಬರದಿದ್ರೂ ಅಳ್ತಾರೆ. ಸ್ಥಿರವಾಗಿ ಒಂದು ನಿಲುವಿಲ್ಲ.”

ಹರಪನಹಳ್ಳಿ ತಾಲ್ಲೂಕಿನ ಕಥೆ ಇದಕ್ಕಿಂತ ದೊಡ್ಡದು, ಹೇಳುವುದು ಸುಲಭ. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ಹುಟ್ಟಿತು. ಚಿತ್ರದುರ್ಗದಿಂದ ಒಂದಷ್ಟು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ. ಆಮೇಲೆ ಹೈದರಾಬಾದ್ ಕರ್ನಾಟಕಕ್ಕೆ 371-ಜೆ ವಿಶೇಷ ಸ್ಥಾನಮಾನ ಬಂತು. ಬಳ್ಳಾರಿಯಲ್ಲೇ ಇದ್ದಿದ್ದರೆ ಮಕ್ಕಳಿಗೆ ಸೀಟು, ನೌಕರಿ ಸಿಗುತ್ತಿತ್ತಲ್ಲ ಅಂತ ಅಲ್ಲಿನವರು ಹೋರಾಡಿದರು. ನ್ಯಾಯವಾದ ಮಾತೇ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ಬಳ್ಳಾರಿಯೇ ಒಡೆದು ವಿಜಯನಗರ ಜಿಲ್ಲೆ. ಕಾಲು ಶತಮಾನದೊಳಗೆ, ಕೂತ ಜಾಗದಿಂದ ಏಳದೆ, ಆ ತಾಲ್ಲೂಕು ಮೂರು ಜಿಲ್ಲೆ ಕಂಡಿತು, ಒಂದನ್ನು ಎರಡು ಸಲ. ಪ್ರತಿ ಸಲವೂ ರಾಜ್ಯಪತ್ರದಲ್ಲಿ ಅಚ್ಚಾಯಿತು, ಪ್ರತಿ ಸಲವೂ ‘ಆಡಳಿತಾತ್ಮಕ ಅನುಕೂಲ’. ಆ ತಾಲ್ಲೂಕಿನ ಒಬ್ಬ ಮುದುಕ ಅರ್ಜಿಯಲ್ಲಿ ಹಳೆಯ ರೂಢಿಯಿಂದ ಜಿಲ್ಲೆ ಹೆಸರು ತಪ್ಪಾಗಿ ಬರೆದ ಅಂತ ಇಟ್ಟುಕೊಳ್ಳಿ. ಕಿಟಕಿಯಾಚೆಯ ಹುಡುಗ ಏನನ್ನುತ್ತಾನೆ? “ಅಜ್ಜಾ, ನಿನ್ ತಲೆ ನೆಟ್ಟಗೈತೋ ಇಲ್ವೋ?”

ದಾವಣಗೆರೆ ಊರಿಗಾದರೂ ಸ್ಥಿರಬುದ್ಧಿ ಇದೆಯೇ ಅಂತ ಕೇಳಬೇಡಿ. ಅರಳೆ ಹಿಂಜುವ ಸದ್ದಿಗೆ ಬೆಳಗಾಗುತ್ತಿದ್ದ ಕಾಲದಲ್ಲಿ ಇದು ಕರ್ನಾಟಕದ ಮ್ಯಾಂಚೆಸ್ಟರ್. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ವಿದ್ಯಾಕಾಶಿ. ಊರ ಹೆಸರನ್ನು ಬೆಣ್ಣೆದೋಸೆ ಬೆಂಗಳೂರಿನವರೆಗೆ ಹೊತ್ತೊಯ್ದ ಮೇಲೆ ಬೆಣ್ಣೆನಗರಿ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮೊದಲ 20 ಊರುಗಳ ಪಟ್ಟಿ ಬಿಟ್ಟಾಗ ಅದರಲ್ಲಿ ಹೆಸರು ಬಂತು, ಆಗ ಸ್ಮಾರ್ಟ್ ಸಿಟಿ. ಗಿರಣಿ ಮಾಲೀಕರು ಗಿರಣಿ ಬಿಟ್ಟು ಕಲ್ಯಾಣ ಮಂಟಪ ಕಟ್ಟಿದರೆ ಅದು ದೂರದೃಷ್ಟಿ. ಗಿರಣಿ ಮುಚ್ಚಿ ಕೆಲಸ ಕಳೆದುಕೊಂಡ ಕಾರ್ಮಿಕನ ಮಗ ಮೊದಲು ಆಟೋ, ಆಮೇಲೆ ಮೊಬೈಲ್ ರಿಪೇರಿ, ಆಮೇಲೆ ಗೋಬಿ ಗಾಡಿ ಅಂತ ಬದುಕಿಗಾಗಿ ಕೈ ಬದಲಿಸಿದರೆ ಸಂಬಂಧಿಕರ ಮಾತು: “ಅವ್ನು ಒಂದ್ರಾಗೂ ನಿಲ್ಲಲ್ಲ ಬಿಡ್ರಿ.”

ನಿಲ್ಲುವುದು ಅಂದರೆ ಏನು ಅಂತ ನೋಡಬೇಕಾದವರು ಮಂಡಕ್ಕಿ ಭಟ್ಟಿಗಳ ಕಡೆ ಹೋಗಬೇಕು. ಮಸಿ ಹಿಡಿದ ತಗಡಿನ ಮಾಡು, ಕೆಳಗೆ ಒಲೆ, ಒಲೆಯ ಮೇಲೆ ಕಾದ ಮರಳು. ಉಪ್ಪು ಹಿಡಿಸಿದ ಅಕ್ಕಿ ಮರಳಿಗೆ ಬಿದ್ದ ಮೇಲೆ ಯೋಚಿಸಲು ಪುರುಸೊತ್ತಿಲ್ಲ. ಒಂದು ಸಲ ತಿರುವಿ, ಇನ್ನೊಂದು ಸಲ ತಿರುವಿ, ಚಟಚಟ ಅರಳಿದ್ದೇ ತಡ ಬಾಚಿ ಜರಡಿಗೆ ಎತ್ತಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಮತ್ತೆ ಅಕ್ಕಿ. ಎರಡು ಉಸಿರು ತಡವಾದರೆ ಬಿಳಿ ಹೋಗಿ ಕೆಂಪು, ಮೂರಾದರೆ ಕರಕಲು. ಆ ಬಿಸಿಯ ಮುಂದೆ ಬೆಳಗಿನಿಂದ ನಿಂತವನಿಗೆ ಮೂಡ್ ಕೆಡುವುದಿಲ್ಲವೇ? ಕೆಡುತ್ತದೆ. ಕೆಟ್ಟರೆ ಅದರ ಖರ್ಚು ಅವನ ಕೂಲಿಯಲ್ಲೇ ಕಡಿತ. ಸಂಜೆ ಅವನು ಹುರಿದ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯ ಜೊತೆ ಮೆಲ್ಲುತ್ತ ನಾವು ಹೇಳುತ್ತೇವೆ: “ಇವತ್ಯಾಕೋ ಮೂಡೇ ಇರ್ಲಿಲ್ಲ ಮಾರಾಯ, ಈಗ ಬಂತು ನೋಡು.” ನಮ್ಮ ಮೂಡು ಬಂದದ್ದು ಯಾರ ಬೆವರಿನ ಮೇಲೆ ಅಂತ ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

ಇಲ್ಲಿಂದ ಹದಿನಾಲ್ಕು ಕಿಲೋಮೀಟರು ಪಿ.ಬಿ. ರಸ್ತೆ ಹಿಡಿದರೆ ಹರಿಹರ. ಅಲ್ಲಿ ತುಂಗಭದ್ರೆಯ ದಂಡೆಯಲ್ಲಿ ಹರಿಹರೇಶ್ವರನ ಗುಡಿ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಒಂದೇ ಮೂರ್ತಿ, ಬಲಕ್ಕೆ ಹರ, ಎಡಕ್ಕೆ ಹರಿ. ಒಂದು ಬದಿಯಲ್ಲಿ ತ್ರಿಶೂಲ, ಇನ್ನೊಂದು ಬದಿಯಲ್ಲಿ ಚಕ್ರ. ಸ್ಥಳಪುರಾಣ ಊರವರಿಗೆಲ್ಲ ಬಾಯಿಪಾಠ. ಗುಹಾಸುರನೆಂಬ ರಾಕ್ಷಸ, ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಸಾವು ಬರಬಾರದು ಅಂತ ಬ್ರಹ್ಮನಿಂದ ವರ ಇಸಿದುಕೊಂಡ. ಇಬ್ಬರೂ ಸೇರಿ ಒಬ್ಬರಾಗಿ ಬಂದರು, ಅವನ ಕಥೆ ಮುಗಿಯಿತು. ವರದ ಕಾಗದದಲ್ಲಿ ಇದ್ದ ತೂತನ್ನು ಹುಡುಕಿದ ಮೊದಲ ವಕೀಲರು ಇವರೇ ಇರಬೇಕು. ಎಂಟುನೂರು ವರ್ಷ ಕಳೆದರೂ ಆ ದೇವರನ್ನು ಯಾರೂ “ನೀನು ಆ ಕಡೆಯೋ ಈ ಕಡೆಯೋ, ಮೊದಲು ಹೇಳು” ಅಂತ ಕೇಳಿಲ್ಲ. ನಾಮದವರೂ ಕೈಮುಗಿದರು, ವಿಭೂತಿಯವರೂ ಕೈಮುಗಿದರು.

ದೇವರು ಒಂದೇ ಮೈಯಲ್ಲಿ ಎರಡಾಗಿ ನಿಂತ ಊರಿನಲ್ಲಿ ಮತದಾರರು ಸುಮ್ಮನಿರುತ್ತಾರೆಯೇ? ಹರಿಹರ ವಿಧಾನಸಭಾ ಕ್ಷೇತ್ರ 2008ರಲ್ಲಿ ಬಿಜೆಪಿಯನ್ನು ಗೆಲ್ಲಿಸಿತು. 2013ರಲ್ಲಿ ಜೆಡಿಎಸ್. 2018ರಲ್ಲಿ ಕಾಂಗ್ರೆಸ್. 2023ರಲ್ಲಿ ಮತ್ತೆ ಬಿಜೆಪಿ. ಮೂರೂ ಮನೆಯ ಊಟ ಮಾಡಿ ಮೊದಲನೆಯ ಮನೆಗೇ ಬಂದು ಕೂತರು. ಪಕ್ಕದ ದಾವಣಗೆರೆ ದಕ್ಷಿಣದವರು ಈ ನಾಲ್ಕೂ ಚುನಾವಣೆಯಲ್ಲಿ ಒಬ್ಬರೇ ಹಿರಿಯರನ್ನು ಕೈಹಿಡಿದು ಕಳಿಸಿದರು. ಹಾಗಾಗಿ ಸೋತವರ ಪ್ರಕಾರ ಹರಿಹರದ ಮತದಾರ ಚಂಚಲ. ದಾವಣಗೆರೆ ದಕ್ಷಿಣದಲ್ಲಿ ಸೋತವರ ಪ್ರಕಾರ ಅಲ್ಲಿನ ಮತದಾರ ಕುರಿ. ಅಂದರೆ ಬದಲಿಸಿದರೂ ಬೈಗುಳ, ಬದಲಿಸದಿದ್ದರೂ ಬೈಗುಳ. ಬೈಗುಳ ತಪ್ಪಬೇಕಾದರೆ ಮತದಾರ ಆಗುವುದನ್ನು ಬಿಟ್ಟು ಅಭ್ಯರ್ಥಿ ಆಗಬೇಕು.

ಯಾಕೆಂದರೆ ಅಭ್ಯರ್ಥಿ ಪಕ್ಷ ಬದಲಿಸಿದರೆ ಅದು ಚಂಚಲತೆ ಅಲ್ಲವೇ ಅಲ್ಲ. ಅದಕ್ಕೆ ಒಂದು ವಾಕ್ಯ ಮೊದಲೇ ಅಚ್ಚು ಹಾಕಿಟ್ಟಿರುತ್ತಾರೆ: ‘ಕ್ಷೇತ್ರದ ಅಭಿವೃದ್ಧಿಯ ಹಿತದೃಷ್ಟಿಯಿಂದ, ಕಾರ್ಯಕರ್ತರ ಒತ್ತಾಯಕ್ಕೆ ಮಣಿದು.’ ಮತದಾರ ಐದು ವರ್ಷಕ್ಕೊಮ್ಮೆ, ಅದೂ ಗುಟ್ಟಾಗಿ, ಪರದೆಯ ಹಿಂದೆ ಮನಸ್ಸು ಬದಲಿಸುತ್ತಾನೆ. ಇವರು ಹಗಲಲ್ಲೇ, ರೆಸಾರ್ಟಿನ ಹುಲ್ಲುಹಾಸಿನ ಮೇಲೆ, ಟಿ.ವಿ. ಕ್ಯಾಮೆರಾದ ಮುಂದೆ. ಹರಿಯಾಣದ ಗಯಾ ಲಾಲ್ ಎಂಬ ಶಾಸಕ 1967ರಲ್ಲಿ ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತನ್ನು ದೇಶಕ್ಕೆ ಕೊಟ್ಟ. ಈಗಿನವರಿಗೆ ಹೋಲಿಸಿದರೆ ಅವನು ಪಾಪದವನು, ಹೋಗಲಿಕ್ಕೆ ಬರಲಿಕ್ಕೆ ವಿಶೇಷ ವಿಮಾನವೂ ಇರಲಿಲ್ಲ. 1985ರಲ್ಲಿ ಪಕ್ಷಾಂತರ ನಿಷೇಧ ಬಂತು. ಆಮೇಲೆ ಒಬ್ಬೊಬ್ಬರೇ ಹಾರುವುದನ್ನು ಬಿಟ್ಟು ಗುಂಪಾಗಿ ಹಾರುವುದನ್ನು, ರಾಜೀನಾಮೆ ಕೊಟ್ಟು ಹಾರುವುದನ್ನು ಕಲಿತರು. ನಮ್ಮಲ್ಲೇ 2019ರಲ್ಲಿ 17 ಶಾಸಕರು ಅನರ್ಹರಾದರು. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ದಾರಿ ಬಿಟ್ಟಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ. ಅನರ್ಹರಲ್ಲಿ ಹಲವರು ಹೊಸ ಚಿಹ್ನೆಯಲ್ಲಿ ಗೆದ್ದು ಮಂತ್ರಿಗಳೂ ಆದರು. ಜುಲೈಯಲ್ಲಿ ಅನರ್ಹ, ಫೆಬ್ರವರಿಯಲ್ಲಿ ಮಾನ್ಯ ಸಚಿವ. ನಡುವೆ ಒಂದು ಪದವಿತ್ತು, ‘ಅತೃಪ್ತ’. ಅತೃಪ್ತ ಆತ್ಮಗಳ ಬಗ್ಗೆ ನಮ್ಮ ಅಜ್ಜಿಯರು ಹೇಳುತ್ತಿದ್ದುದು ಬೇರೆ ರೀತಿ, ಅವು ಹುಣಸೆ ಮರದಲ್ಲಿ ಇರುತ್ತವೆ ಅಂತ. ಈಗ ಅವು ಹವಾನಿಯಂತ್ರಿತ ಬಸ್ಸಿನಲ್ಲಿ ಓಡಾಡುತ್ತವೆ.

ಇಂಥವರನ್ನು ಹೊಗಳಲು ನಮ್ಮಲ್ಲಿ ಒಂದು ವಿಶೇಷ ಪದವಿದೆ. ಜಯದೇವ ವೃತ್ತದಲ್ಲೋ ರಾಂ ಅಂಡ್ ಕೋ ಸರ್ಕಲ್ಲಿನಲ್ಲೋ ತಲೆಯೆತ್ತಿ ನೋಡಿ, ‘ಪಾದರಸದಂತಹ ವ್ಯಕ್ತಿತ್ವದ ಯುವ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯಗಳು’. ಪಾದರಸ! ಬರೆಸಿದವರಿಗೆ ಗೊತ್ತಿತ್ತೋ ಇಲ್ಲವೋ, ಇದಕ್ಕಿಂತ ದೊಡ್ಡ ಸತ್ಯ ಅಚ್ಚಾದದ್ದಿಲ್ಲ. ಲೋಹ ಅನ್ನಿಸಿಕೊಳ್ಳುತ್ತದೆ, ಆದರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಗಟ್ಟಿಯಾಗಬೇಕಾದರೆ ಸೊನ್ನೆಗಿಂತ 39 ಡಿಗ್ರಿ ಕೆಳಗಿಳಿಸಬೇಕು, ಅಷ್ಟು ಚಳಿ ಅಧಿಕಾರ ಹೋದ ಮೇಲೂ ದಾವಣಗೆರೆಯಲ್ಲಿ ಬೀಳುವುದಿಲ್ಲ. ನೀರಿಗಿಂತ ಹದಿಮೂರೂವರೆ ಪಟ್ಟು ತೂಕ, ಆದರೂ ಇಳಿಜಾರು ಕಂಡರೆ ಓಟ. ಅಂಗೈಯಲ್ಲಿ ಹರಿದಾಡುತ್ತದೆ, ಅಂಟಿಕೊಳ್ಳುವುದಿಲ್ಲ. ಚಿನ್ನ ಸಿಕ್ಕರೆ ಮಾತ್ರ ತಕ್ಷಣ ಬೆರೆತುಬಿಡುತ್ತದೆ. ನೆಲಕ್ಕೆ ಬಿದ್ದು ಒಡೆದರೆ ಪ್ರತಿ ಹನಿಯೂ ತಾನೇ ಇಡೀ ಪಾದರಸ ಅಂತ ದುಂಡಗೆ ಕೂರುತ್ತದೆ. ನಮ್ಮ ಜನತಾ ಪರಿವಾರ ಎಷ್ಟು ಸಲ ಹೀಗೆ ಒಡೆದು ದುಂಡಗಾಯಿತು ಅಂತ ಪಟೇಲರ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಮತ್ತೆ, ಅದು ವಿಷ. ಮಿನಮಾಟಾ ಎಂಬ ಜಪಾನಿನ ಊರಿನ ಸಂಕಟ ನೋಡಿದ ಮೇಲೆ ಅದೇ ಹೆಸರಿನ ಒಪ್ಪಂದ ಮಾಡಿಕೊಂಡು, 2017ರಿಂದ ಜಗತ್ತು ಪಾದರಸವನ್ನು ಕಡಿಮೆ ಮಾಡುವ ಹಾದಿಯಲ್ಲಿದೆ. ಥರ್ಮಾಮೀಟರಿನಿಂದ ಅದು ಹೊರಬೀಳುತ್ತಿದೆ. ಬ್ಯಾನರಿನಿಂದ ಹೊರಹಾಕಲು ಯಾವ ಒಪ್ಪಂದವೂ ಬಂದಿಲ್ಲ.

ಬ್ಯಾನರೇ ಇರಬಾರದು ಅನ್ನಿ. ಪ್ಲಾಸ್ಟಿಕ್ಕಿನ ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ನಿಷೇಧ ಬಹಳ ಸ್ಥಿರವಾಗಿ ಇದೆ, ಫ್ಲೆಕ್ಸುಗಳೂ ಅಷ್ಟೇ ಸ್ಥಿರವಾಗಿ ಇವೆ.

ಅಂಥದೊಂದು ಫ್ಲೆಕ್ಸ್ ಅಂಗಡಿಯಲ್ಲಿ, ಮಗಳ ನಾಮಕರಣದ ಕಾರ್ಡಿಗೆ ಅಂತ ಹೋಗಿ ಕೂತಿದ್ದೆ. ಕಂಪ್ಯೂಟರಿನ ಮುಂದೆ ಇಪ್ಪತ್ತರ ಆಸುಪಾಸಿನ ಹುಡುಗ, ಕಣ್ಣು ಕೆಂಪು. ಪರದೆಯ ಮೇಲೆ ‘ಅಣ್ಣಾವ್ರು’ ಕೈಮುಗಿದು ನಿಂತಿದ್ದಾರೆ. ಅಣ್ಣಾವ್ರ ಮುಖ ಒಂದು ಪದರ, ಕೈ ಒಂದು ಪದರ, ಹೆಗಲ ಶಾಲು ಬೇರೆಯೇ ಪದರ. ಶಾಲು ಕೇಸರಿ, ಹಸಿರು, ತ್ರಿವರ್ಣ ಮೂರರಲ್ಲೂ ಕಂಪ್ಯೂಟರಿನಲ್ಲಿ ತಯಾರಿದೆ. ಬೇಕಾದ್ದನ್ನು ಹಚ್ಚಿದರೆ ಸಾಕು, ಮುಗುಳ್ನಗೆ ಬದಲಿಸುವ ಅಗತ್ಯವಿಲ್ಲ. “ಒಂದೊಂದು ಬಣ್ಣಕ್ಕೂ ಬೇರೆ ಚಾರ್ಜಾ ತಮ್ಮ?” ಅಂತ ಕೇಳಿದೆ. “ಶಾಲಿಗೆ ಚಾರ್ಜ್ ಇಲ್ಲ ಸರ” ಎಂದ, ಮೌಸ್ ಬಿಡದೆ.

ಅಷ್ಟರಲ್ಲಿ ಬಿಳಿ ಅಂಗಿಯ ಒಬ್ಬ ಒಳಗೆ ಬಂದ. ಎರಡು ಮೊಬೈಲು, ಒಂದರಲ್ಲಿ ಮಾತು.

“ಹಸಿರು ಶಾಲು ಬ್ಯಾಡ, ತೆಗಿ. ಹೈಕಮಾಂಡ್ ಫೋಟೋ ದೊಡ್ಡದ್ ಮಾಡು.” ಹುಡುಗ ಮಾಡಿದ. ಬಿಳಿ ಅಂಗಿ ಹೊರಗೆ ಹೋಗಿ ಫೋನಿನಲ್ಲಿ “ಹೂಂ ಅಣ್ಣ, ಹೂಂ ಅಣ್ಣ” ಎಂದು ವಾಪಸು ಬಂದ. “ಹೈಕಮಾಂಡ್ ಫೋಟೋ ಸಣ್ಣದ್ ಮಾಡು. ಬುದ್ಧ, ಬಸವ, ಅಂಬೇಡ್ಕರ್ ಹಾಕು.” ಹಾಕಿದ. ಮತ್ತೆ ಫೋನು. “ಪಕ್ಷದ ಗುರ್ತು ತೆಗೆದುಬಿಡಪ್ಪ. ‘ಸ್ವಾಭಿಮಾನಿ ಬಳಗ’ ಅಂತ ಬರಿ. ಶಾಲು... ಬಿಳೀದು ಮಾಡು.” ಮಾಡಿದ. ಚಹಾ ಬಂತು, ಫೋನೂ ಬಂತು. “ಮೊದ್ಲಿಂದೇ ಇರ್ಲಿ ಅಂತೆ.”

ಹುಡುಗ ಕತ್ತು ತಿರುಗಿಸಿ ನೋಡಿದ. “ಮೊದ್ಲಿಂದು ಅಂದ್ರೆ ಯಾವ್ದಣ್ಣ? ಹಸಿರಾ, ಹೈಕಮಾಂಡಾ?”

ಬಿಳಿ ಅಂಗಿಗೆ ಸಿಟ್ಟು ನೆತ್ತಿಗೇರಿತು. “ಲೇ, ಎಷ್ಟ್ ಸಲ ಹೇಳ್ಬೇಕಲೇ ನಿನಗೆ? ಗಳಿಗೆಗೊಂದು ಥರ ಮಾಡ್ತೀಯಲ್ಲ, ಏನ್ ತಿಕ್ಕಲಾ?”

ಹುಡುಗ ಮಾತಾಡದೆ ಹಸಿರು ಶಾಲಿನದ್ದನ್ನೇ ಮುದ್ರಣಕ್ಕೆ ಹಾಕಿದ. ಯಂತ್ರ ಗರಗರ ಎನ್ನುತ್ತ ಅಣ್ಣಾವ್ರನ್ನು ಹಣೆಯಿಂದ ಕೆಳಕ್ಕೆ ಉಗುಳತೊಡಗಿತು. ಹತ್ತು ಅಡಿಯದು, ಮಸಿ ಆರುವ ಮೊದಲೇ ಸುರುಳಿ ಸುತ್ತಿ ಬಗಲಿಗೆ ಇಟ್ಟುಕೊಂಡ ಬಿಳಿ ಅಂಗಿ ಬಾಗಿಲ ಕಡೆ ನಡೆದ. ಹುಡುಗ ಹಿಂದಿನಿಂದ, “ಅಣ್ಣ, ದುಡ್ಡು...” ಎಂದ. “ಹೋದ್ ಸಲದ್ದೂ ಬಾಕಿ ಐತಿ.”

“ಇಸ್ಕಳಂತೆ ಬಿಡೋ. ಅಣ್ಣಾರು ಮೂಡ್‌ನಾಗ್ ಇದ್ದಾಗ ಬಂದು ಕೇಳು.”